ಬೀಗದ ಗುರುತು ಬಂದ ಮೇಲೆ

ಅಪ್ಪನ ಕಿವಿಯನ್ನು ಹಿಟ್ಟಿನ ಮಿಲ್ಲು ತಿಂದುಹಾಕಿತು. ಕೊರಟಗೆರೆಯಲ್ಲಿ ಮಿಲ್ಲು ನಡೆಸಿದಷ್ಟು ವರ್ಷವೂ ಅದರ ಸದ್ದಿನ ಮೇಲೆ ಕೂಗಿಯೇ ಮಾತಾಡಿದ ಮನುಷ್ಯ. ಅಮ್ಮನನ್ನು ಕರೆದುಕೊಂಡು ಮಧುಗಿರಿಯ ನನ್ನ ಮನೆಗೆ ಬರುವ ಹೊತ್ತಿಗೆ ಏನೂ ಕೇಳಿಸುತ್ತಿರಲಿಲ್ಲ. ಕಿವಿಗೆ ಹಾಕುವ ಮೆಷಿನ್ನಿನಿಂದಲೂ ಪ್ರಯೋಜನವಿಲ್ಲ ಅಂದರು ಡಾಕ್ಟರು. ಅಪ್ಪ ಬೇರೆ ಯಾರ ಮಾತಿಗೂ ಹಂಬಲಿಸಲಿಲ್ಲ. "ನಿಮ್ಮವ್ವ ಏನಂತಾಳೆ ಅನ್ನೋದೊಂದು ತಿಳುದ್ರೆ ಸಾಕು ಕಣಮ್ಮ" ಅಂದರು.

ಅಮ್ಮನದು ಪಾವಗಡದ ಕಡೆಯ ಬಾಯಿ. "ಏಡಿಕಿ ಪೋತಾವಯ್ಯಾ, ಮುದ್ದೆ ಆರೋಗ್ತೈತೆ!" ಎಲ್ಲಿಗೆ ಹೊರಟೆ ಅಂತ ತೆಲುಗಿನಲ್ಲಿ ಶುರುಮಾಡಿ, ಮುದ್ದೆಯ ಹೊತ್ತಿಗೆ ಕನ್ನಡಕ್ಕೆ ಬಂದಿರುತ್ತಾಳೆ. ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪುಗಳೇನೋ ಇವೆ. ಅಮ್ಮನ ಮುಂದೆ ಅವು ಬೆಪ್ಪಾದವು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಅವಳ ಮಾತುಗಳನ್ನು ಅವಳ ಹಾಗೇ ನಾನು ಆಡಿ ನನ್ನ ಲ್ಯಾಪ್‌ಟಾಪಿಗೆ ಕಲಿಸಿ, ಕೇಳಿದ್ದನ್ನು ಅಕ್ಷರ ಮಾಡಿ ತೋರಿಸುವ ಒಂದು ವೆಬ್ ಪುಟವನ್ನು ಅದರಲ್ಲೇ ಕಟ್ಟಿದೆ. ಮನೆ ಮಾತು ಮನೆ ದಾಟಬಾರದು ಅನ್ನುವ ಹಠವೂ ಇತ್ತು.

ಲ್ಯಾಪ್‌ಟಾಪಿನಲ್ಲಿ ಅದು ಸಲೀಸಾಗಿ ಓಡಿತು. ಅಪ್ಪನ ಫೋನಿನಲ್ಲಿ ಅದೇ ಪುಟ ತೆರೆದರೆ ಮೈಕೇ ಆನ್ ಆಗಲಿಲ್ಲ. ಸಂಪರ್ಕ ಸುರಕ್ಷಿತವಲ್ಲವಂತೆ, ಅಂಥ ಪುಟಕ್ಕೆ ಬ್ರೌಸರು ಮೈಕು ಕೊಡುವುದಿಲ್ಲ. ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಯಂತ್ರಗಳಿಗೆ ಎಂಥ ಅಪನಂಬಿಕೆ! ಲ್ಯಾಪ್‌ಟಾಪು ತಾನು ಯಾರೆಂದು ಪ್ರಮಾಣಪತ್ರ ತೋರಿಸಬೇಕು. ಅದನ್ನು ನಾನೇ ಮಾಡಿದೆ. ಫೋನಿನ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ನನ್ನ ಸಹಿಯನ್ನು ಅದು ಯಾಕೆ ನಂಬಬೇಕು? ಸೆಟ್ಟಿಂಗ್ಸಿಗೆ ಹೋಗಿ ನಂಬು ಅಂತ ಒಪ್ಪಿಸಿದೆ. ಸಂಪರ್ಕ ಸುರಕ್ಷಿತ ಅಂತ ತೋರಿಸುವ ಬೀಗದ ಗುರುತು ಬಂತು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ರೂಟರು ಲ್ಯಾಪ್‌ಟಾಪಿಗೆ ಬೇರೆ ವಿಳಾಸ ಕೊಟ್ಟಿತ್ತು. ಹಳೆಯ ವಿಳಾಸಕ್ಕೆ ಮಾಡಿದ ಪ್ರಮಾಣಪತ್ರ ದಂಡ. ಕರೆಂಟಿನವರನ್ನು ಬೈದುಕೊಂಡು, ವಿಳಾಸ ಬದಲಾಗದಂತೆ ರೂಟರಿನಲ್ಲಿ ಗೊತ್ತುಮಾಡಿ, ಎಲ್ಲವನ್ನೂ ಮೊದಲಿಂದ ಮಾಡಿದೆ. ಕಡೆಗೊಂದು ಭಾನುವಾರ ಬೀಗ ನಿಂತಿತು. ಅಳುವಷ್ಟು ಸಂತೋಷವಾಯಿತು ನನಗೆ.

"ಮಾತಾಡಮ್ಮ" ಅಂದೆ.

ಅಮ್ಮ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ನಿಂತಳು. "ನೀವು ಊಟ ಮಾಡಿದಿರಾ? ನಿಮ್ಮ ಆರೋಗ್ಯ ಹೇಗಿದೆ?"

ಅಕ್ಷರಗಳು ಒಂದೂ ತಪ್ಪಿಲ್ಲದೆ ಮೂಡಿದವು. ಅಪ್ಪ ಓದಿ ನನ್ನ ಮುಖ ನೋಡಿದರು. "ಇದ್ಯಾರ ಮಾತಮ್ಮಾ?"

ನಮ್ಮ ಕಡೆ ಮೈಕಿನ ಮುಂದೆ ನಿಂತವರೆಲ್ಲ ಹೀಗೇ. ಮದುವೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡು ಓಡಾಡುವ ಹೆಂಗಸು ವಿಡಿಯೋದವನು ಬಂದ ಕೂಡಲೇ ಸ್ಕೂಲ್ ಪುಸ್ತಕದ ಕನ್ನಡ ಶುರುಮಾಡುತ್ತಾಳೆ. ಇಷ್ಟು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ದಿನಾ ಬೈಯುವ ಹಾಗೆ ಬೈಯಮ್ಮ ಅಂತ ಗೋಗರೆದೆ.

"ಅದ್ರ ಮುಂದೆ ಅಂಗೆಲ್ಲ ಬೈಯಕ್ಕಾಯ್ತದಾ? ಗಂಡನ್ನ ಇಂಗೆ ಮಾತಾಡ್ತಾಳೆ ಅಂತ ಬರ್ಕಂಬುಡ್ತೈತೆ."

"ಹೊರಗಿನೋರು ಯಾರೂ ಕೇಳಿಸ್ಕಳಲ್ಲ ಕಣಮ್ಮ. ನೋಡಿಲ್ಲಿ, ಬೀಗ ಐತೆ."

"ಅದು ಕೇಳ್ತೈತಲ್ಲ" ಅಂದಳು.

ರೂಢಿಯಾದೀತು ಅಂತ ಫೋನನ್ನು ಅಪ್ಪನ ಪಕ್ಕದಲ್ಲೇ ಬಿಟ್ಟೆ. ಆಗಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದವಳು ಫೋನ್ ನೋಡಿ, ತಟ್ಟೆ ಇಟ್ಟು, "ಊಟ ಮಾಡಿ" ಎಂದು ಹೊರಟುಬಿಡುತ್ತಿದ್ದಳು. ಮುದ್ದೆ ಆರಿ ಕಲ್ಲಾದರೂ ಒಂದು ಬೈಗುಳವಿಲ್ಲ. ಮನೆಯಲ್ಲಿ ಯಾರೋ ನೆಂಟರು ಬಂದು ಉಳಿದಂತಿತ್ತು, ಅವರು ಹೋಗುವ ಲಕ್ಷಣವೂ ಇರಲಿಲ್ಲ.

ಒಂದು ಸಂಜೆ ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟರು. "ತಗಂಡೋಗಮ್ಮ ಇದ್ನ. ಮುಂಚೆ ಕಿವಿಗೆ ಬೀಳ್ದಿದ್ರೂ ಬೈತಿದ್ಲು. ಬಾಯಾಡೋದು ಕಾಣ್ತಿತ್ತು. ಈಗ ಅದೂ ಇಲ್ಲ."

ತಂದು ಒಳಗಿಟ್ಟೆ. ಅಪ್ಪನಿಗೆ ಉಳಿದಿದ್ದ ಅಷ್ಟನ್ನೂ ನಾನೇ ಕಿತ್ತುಕೊಂಡೆ ಅನ್ನಿಸಿತು. ಈಗಲೂ ಅಮ್ಮ ಹಜಾರಕ್ಕೆ ಬಂದರೆ ಮೊದಲು ಫೋನಿದ್ದ ಜಾಗ ನೋಡುತ್ತಾಳೆ, ಆಮೇಲೆ ಸುಮ್ಮನೆ ತಟ್ಟೆ ಇಡುತ್ತಾಳೆ. ಅಪ್ಪ ಅವಳ ಬಾಯನ್ನೇ ನೋಡುತ್ತಿರುತ್ತಾರೆ.