ಅವ್ವನ ಚಿತ್ರಕ್ಕೆ ಹೂವು

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಮಹಡಿಯ ಮೇಲೆ, ನಾಲ್ಕೈದು ಟೇಬಲ್ಲಿನ ಒಂದು ಚೈನೀಸ್ ಹೋಟೆಲ್ ಇತ್ತು. ಮಾಲೀಕ ಕಂಪ್ಲಿಯವನು. ಮುಂಬಯಿಯಲ್ಲಿ ನೂಡಲ್ಸ್ ಮಾಡುವುದನ್ನು ಕಲಿತು ಬಂದಿದ್ದನಾದರೂ ಅವನ ಪ್ರಾಣವೆಲ್ಲ ಬಣ್ಣದಲ್ಲಿತ್ತು. ತಾನೇ ಬರೆದ ಚಿತ್ರಗಳನ್ನು ಗೋಡೆ ತುಂಬ ತೂಗುಹಾಕಿದ್ದ. ಹಂಪಿಗೆ ಬಂದ ಫಾರಿನ್‌ನವರು ಉಣ್ಣಲು ಬಂದು ಚಿತ್ರ ಕೊಂಡು ಹೋಗುತ್ತಿದ್ದರು. ಕಾಲುವೆ ನೀರಿನಿಂದ ಭತ್ತ, ಕಬ್ಬು ಕೈಹಿಡಿದ ಕಾಲ ಅದು. ನಮ್ಮಂಥ ರೈತರಿಗೂ ಗೋಬಿ ಮಂಚೂರಿಯ ರುಚಿ ಹತ್ತಿತ್ತು.

ಒಂದು ಸಲ ಆ ಗೋಡೆಯ ಮೇಲೆ ನನ್ನ ಅವ್ವನನ್ನು ಕಂಡೆ. ಕಡ್ಡಿರಾಂಪುರದ ಹತ್ತಿರ ಕಾಲುವೆ ದಂಡೆಯ ಮೇಲೆ, ಕಾಲು ನೀರಿಗಿಟ್ಟು ಕೂತಿದ್ದಾಳೆ. ಸೈಕಲ್ಲಿನಲ್ಲಿ ಹಂಪಿಗೆ ಹೋಗುವಾಗ ಮಾಲೀಕ ನೋಡಿ ಬರೆದದ್ದಂತೆ. ನಮ್ಮ ಮನೆಯಲ್ಲಿ ಅವ್ವನದೊಂದು ಫೋಟೋ ಕೂಡ ಇರಲಿಲ್ಲ. ಅವಳಿಗೆ ತೋರಿಸಲೇಬೇಕೆಂದು ಒಂದು ಮಧ್ಯಾಹ್ನ ಕರೆದುಕೊಂಡು ಹೋದೆ. ಆಗಲೇ ಅವಳಿಗೆ ಹುಷಾರಿರಲಿಲ್ಲ. ಮೆಟ್ಟಿಲ ನಡುವೆ ಕೂತು ಸುಧಾರಿಸಿಕೊಂಡಳು.

ಅವತ್ತು ಅಮಾವಾಸ್ಯೆ. ಅಂಗಡಿ ಪೂಜೆ ಮುಗಿಸಿದ ಮಾಲೀಕ ಉಳಿದ ಮಲ್ಲಿಗೆಯನ್ನು ತನ್ನ ಚಿತ್ರಗಳಿಗೆಲ್ಲ ಹಾಕಿಬಿಟ್ಟಿದ್ದ. ಬಂಡೆಗೆ, ಗೋಪುರಕ್ಕೆ, ಎತ್ತಿಗೆ, ಅವ್ವನಿಗೂ. ಸತ್ತವರ ಪಟಕ್ಕೆ ಹಾಕುವ ಹಾರವನ್ನು ಬದುಕಿರುವವಳಿಗೆ ಹಾಕಿದ್ದ.

"ಜೀವಂತ ಇರೋರಿಗೆ ಹಾರ ಹಾಕ್ತಾರೇನ್ರಿ?" ಎಂದು ಹರಿಹಾಯ್ದು ಅದನ್ನು ಕಿತ್ತೆ.

ಮಾಲೀಕನ ಮುಖ ಬಿಳಿಚಿತು. "ತಪ್ಪಾತ್ರಿ. ನನ್ನ ಕೈಕೆಲಸಕ್ಕ ಅಂತ ಹಾಕಿದ್ದೆ, ಅಮ್ಮಾರಿಗೆ ಅಂತಲ್ಲ."

ಅವ್ವ ಮಾತ್ರ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಯಾಕ ತಗದಿ? ಇರ್ಲಿ ಬಿಡಬೇಕಿತ್ತು. ನಿಮ್ಮಪ್ಪ ಹೋದಾಗಿಂದ ನನಗ ಯಾರೂ ಹೂವು ಕೊಟ್ಟಿಲ್ಲ," ಎಂದಳು.

ಗಂಡ ಸತ್ತವಳಿಗೆ ನಮ್ಮಲ್ಲಿ ಯಾರು ಹೂವು ಕೊಡುತ್ತಾರೆ? ಅವಳು ನನ್ನ ಕೈಯಿಂದ ಹಾರ ಇಸಿದುಕೊಂಡು ಮೂಸಿದಳು, ಮಡಿಲಿನಲ್ಲಿ ಇಟ್ಟುಕೊಂಡಳು. ಟೇಬಲ್ಲಿಗೆ ಬಂದ ನೂಡಲ್ಸ್ ಬಾಯಿಗಿಟ್ಟು, "ಶ್ಯಾವಿಗಿಗೆ ಬೆಲ್ಲನ ಹಾಕಿಲ್ಲಲ್ಲಪ್ಪ," ಎಂದು ಮಾಲೀಕನನ್ನು ನಗಿಸಿದಳು.

ಮುಂದಿನ ನಾಟಿಯ ಹೊತ್ತಿಗೆ ಅವ್ವ ಇರಲಿಲ್ಲ. ಮಾಲೀಕ ತಾನೇ ಚಿತ್ರ ಹೊತ್ತು ತಂದು ನಮ್ಮ ಮನೆಯ ಗೋಡೆಗೆ ಮೊಳೆ ಹೊಡೆದು ಹೋದ. ಅಮಾವಾಸ್ಯೆಗೊಮ್ಮೆ ನನ್ನ ಹೆಂಡತಿ ಅದಕ್ಕೆ ಮಲ್ಲಿಗೆ ಹಾಕುತ್ತಾಳೆ. ಈಗ ಹಾಕಬೇಕಾದ್ದೇ, ಯಾರೂ ಬೇಡ ಎನ್ನುವಂತಿಲ್ಲ. ಆದರೆ ಹೂವಿರುವ ತನಕ ನಾನು ಆ ಕೋಣೆಯಲ್ಲಿ ಒಬ್ಬನೇ ಕೂರುವುದಿಲ್ಲ, ಹೆದರಿಕೆ. ಗೋಡೆಯ ಕಡೆಯಿಂದ ಯಾರೋ ಹೂವು ಮೂಸಿದ ಹಾಗೆ ಮೆಲ್ಲಗೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಹಾರ ಬಾಡಿ ಕಪ್ಪಾದರೂ ತೆಗೆಯಲು ನನ್ನ ಕೈ ಏಳುವುದಿಲ್ಲ.