ಮುನಿವೆಂಕಟಪ್ಪ ಮೇಷ್ಟ್ರ ಲಿನಕ್ಸ್ ಪರೀಕ್ಷೆ

ಮುನಿವೆಂಕಟಪ್ಪ ಮೇಷ್ಟ್ರು ಕಂಪ್ಯೂಟರ್ ಕೊಠಡಿಗೆ ಬರುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ಹಲಸೂರಿನ ನಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಅವರು ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿದವರಲ್ಲ. ಆದರೂ ಮಕ್ಕಳಿಗೆ ಯಾವ ಲಿನಕ್ಸ್ ಒಳ್ಳೆಯದೆಂದು ತೀರ್ಮಾನಿಸಿದವರು ಅವರೇ. ಕಂಪ್ಯೂಟರ್ ಕಲಿಸಲೆಂದೇ ತಾತ್ಕಾಲಿಕವಾಗಿ ನೇಮಕಗೊಂಡಿದ್ದ ನಾನಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಆರು ಕಂಪ್ಯೂಟರುಗಳು ನಮ್ಮಲ್ಲಿದ್ದವು. ಅವುಗಳನ್ನು ನಡೆಸುವ ಸಾಫ್ಟ್‌ವೇರ್ ದುಡ್ಡು ಕೊಡದೆ ಹಾಕಿದ ಕದ್ದ ಕಾಪಿ ಎಂದು ಹೆಡ್‌ಮಿಸ್ಟ್ರೆಸ್ ಅವರಿಗೆ ಗೊತ್ತಾಯಿತು.

"ಕದ್ದಿದ್ರಲ್ಲಿ ಪಾಠ ಬೇಡ. ತಿಂಗಳೊಳಗೆ ಮಕ್ಕಳು ಬೇರೇದ್ರಲ್ಲಿ ಕಲೀಲಿಲ್ಲ ಅಂದ್ರೆ, ರೂಮು ಸ್ಪೋರ್ಟ್ಸ್ ಸಾಮಾನಿಗೆ" ಎಂದರು.

ರೂಮು ಹೋದರೆ ನನ್ನ ಕೆಲಸವೂ ಹೋದಂತೆ. ಅದೇ ಕೆಲಸ ಮಾಡುವ, ಪುಕ್ಕಟೆ ಸಿಗುವ ಲಿನಕ್ಸಿನಲ್ಲಿ ಹತ್ತಾರು ಬಗೆ. ಮ್ಯಾಗಜೀನುಗಳ ಜೊತೆ ಬಂದಿದ್ದ ಮೂರು ಸಿ.ಡಿ. ತಂದು, ಇದ್ದುದರಲ್ಲಿ ಅತಿ ಕಷ್ಟದ್ದನ್ನು ಆರಿಸಿದೆ. ಅದು ನನಗೆ ಬರುತ್ತಿತ್ತು, ಬೇರೆಯವರಿಗೆ ಬರುತ್ತಿರಲಿಲ್ಲ. ಅದೇ ಅದರ ಗುಣವೆಂದು ನಂಬಿದ್ದೆ.

ಮೇಷ್ಟ್ರು ಕೆ.ಆರ್. ಪುರದ ಕಡೆಯ ಹಳೆಯ ಒಕ್ಕಲು ಮನೆಯವರು. ನನ್ನ ಆಯ್ಕೆಯ ವಿಷಯ ಕೇಳಿ ಒಪ್ಪಲಿಲ್ಲ. "ಎಮ್ಮೆ ತಗೊಳ್ಳೋವಾಗ ಮಾರೋನ ಕೈಲಿ ಹಾಲು ಕರೆಸ್ಬಾರ್ದು ಕಣ್ರೀ. ಅವನಿಗೆ ಕೊಟ್ಟೇ ಕೊಡ್ತದೆ. ಹೊಸಬ್ರು ಕೂತ್ರೆ ಒದೀತದಾ ನೋಡ್ಬೇಕು" ಎಂದವರೇ ಹೊಸಬರನ್ನು ಕರೆತಂದರು. ಅವರು ನಮ್ಮ ಆಯಾ ಸೆಲ್ವಿಯಮ್ಮ. ದಿನವೂ ಕಂಪ್ಯೂಟರುಗಳ ಧೂಳು ಒರೆಸುತ್ತಿದ್ದ ಆಕೆ, ಸಿಡಿಯುತ್ತದೆಂದು ಗುಂಡಿಗಳನ್ನು ಮಾತ್ರ ಬಿಟ್ಟು ಒರೆಸುತ್ತಿದ್ದರು.

ನನ್ನ ಲಿನಕ್ಸ್ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಸೆಲ್ವಿಯಮ್ಮನೂ ಮರ್ಯಾದೆಯಿಂದ ಸುಮ್ಮನೆ ಕೂತರು.

"ಏನೋ ಮಿಣುಕ್ತಾ ಐತೆ ಸಾರ್. ವೇಟ್ ಮಾಡ್ಲಾ?"

ನಾನು ಕೀಬೋರ್ಡಿಗೆ ಕೈ ಚಾಚಿದೆ. "ಮಾರೋರು ಹಿಂದೆ ನಿಂತ್ಕೋಬೇಕು" ಎಂದ ಮೇಷ್ಟ್ರು, ಕಪ್ಪು ಹಲಗೆಯ ಮೇಲೆ ದುಂಡಗೆ 'ಒದೆಯಿತು' ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು.

ಎರಡನೆಯದೂ ಒದೆಯಿತು. ಮೂರನೆಯದರಲ್ಲಿ ಸೆಲ್ವಿಯಮ್ಮ ಕುಂಚದ ಚಿತ್ರವೊಂದನ್ನು ಹೆದರುತ್ತಲೇ ಒತ್ತಿದರು. ಬಿಳಿ ಹಾಳೆ ತೆರೆಯಿತು.

"ಅಯ್ಯೋ ಸಾರ್, ಚುಕ್ಕಿ ಬಂತು!"

ಆಮೇಲೆ ಅವರು ನಮ್ಮಿಬ್ಬರನ್ನೂ ಮರೆತು ಒಂದು ಪೂರ್ತಿ ಪೀರಿಯಡ್ ಕೋಲ, ಅಂದರೆ ತಮ್ಮ ಕಡೆಯ ಚುಕ್ಕಿ ರಂಗೋಲಿ, ಹಾಕಿದರು. ಮಾರನೆಯ ದಿನ ಮೇಷ್ಟ್ರು ಅದೇ ಕೋಲವನ್ನು ಹುಡುಕಿ ತೆಗೆಯಲು ಹೇಳಿದರು. ಸೆಲ್ವಿಯಮ್ಮ ತೆಗೆದರು. ಪರೀಕ್ಷೆ ಮುಗಿಯಿತು. ಅದನ್ನೇ ಆರೂ ಕಂಪ್ಯೂಟರಿಗೆ ಹಾಕಿದೆ. ತಿಂಗಳು ತುಂಬುವ ಮೊದಲೇ ಮಕ್ಕಳು ನನ್ನನ್ನು ಏನೂ ಕೇಳದೆ ಕೆಲಸ ಮಾಡಿಕೊಳ್ಳತೊಡಗಿದರು. ಹೆಡ್‌ಮಿಸ್ಟ್ರೆಸ್ ಬಂದು ನೋಡಿ ಹೋದರು. ರೂಮು ಉಳಿಯಿತು, ನಾನೂ ಉಳಿದೆ.

ಮೇಷ್ಟ್ರು ನಿವೃತ್ತರಾದ ದಿನ, "ನೀವೂ ಒಂದ್ಸಲ ಕೂತ್ಕೊಳ್ಳಿ ಸಾರ್" ಎಂದು ಕುರ್ಚಿ ಎಳೆದೆ.

"ನಾನೂ ಕಲ್ತ್‌ಬಿಟ್ರೆ ಮುಂದಿನ್ಸಲ ಯಾರನ್ನ ಕೂರಿಸ್ತೀರಿ?" ಎಂದು ಹೊರಟುಹೋದರು.

ಅವರು ತೀರಿಕೊಂಡ ಮರುವರ್ಷ ಹೊಸ ಲಿನಕ್ಸಿನ ಸಿ.ಡಿ. ಬಂತು. ಪರೀಕ್ಷಿಸಲು ಏನೂ ಗೊತ್ತಿಲ್ಲದವರು ಬೇಕಿತ್ತು. ಸೆಲ್ವಿಯಮ್ಮ ಅಷ್ಟರಲ್ಲಿ ಎಂಟನೆಯ ಕ್ಲಾಸಿನವರಿಗೆ ಹೇಳಿಕೊಡುತ್ತಿದ್ದರು. ಹೆಡ್‌ಮಿಸ್ಟ್ರೆಸ್ ತಮ್ಮ ಪತ್ರಗಳನ್ನು ತಾವೇ ಟೈಪ್ ಮಾಡುತ್ತಿದ್ದರು. ಗೇಟಿನ ವಾಚ್‌ಮನ್‌ವರೆಗೂ ಕೇಳಿಕೊಂಡು ಬಂದೆ. ಇಡೀ ಸ್ಕೂಲಿನಲ್ಲಿ ಕಂಪ್ಯೂಟರ್ ಬಾರದವರು ಒಬ್ಬರೂ ಉಳಿದಿರಲಿಲ್ಲ. ಮೇಷ್ಟ್ರನ್ನು ಮಣ್ಣು ಮಾಡಿದ ದಿನ ಅಳದಿದ್ದ ನಾನು ಅಂದು ಸಿ.ಡಿ. ಹಿಡಿದುಕೊಂಡು ಅತ್ತುಬಿಟ್ಟೆ.