ಗೇರಿಗೆ ಬಿದ್ದ ಅರಗಿನ ಮುದ್ರೆ

ಬೆಳಗಿನ ಆರು ಗಂಟೆ. ಹೆಸರಘಟ್ಟ ಕೆರೆಯ ಹಿಂಬದಿಯ ಹುಲ್ಲುಗಾವಲಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಬಂಡಿಜಾಡಿನ ನಡುವೆ ಒಂದು ಹಳೇ ಜೀಪು ಗುರುಗುಟ್ಟುತ್ತಾ ನಿಂತಿದೆ. ಡ್ರೈವರು ಇಳಿದು, ಚಪ್ಪಲಿ ಬಿಚ್ಚಿ ಒಳಗಿಟ್ಟು, ಖಾಕಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಎದುರಿನ ಕೆಸರಿಗೆ ಕಾಲಿಡುತ್ತಾರೆ. ಆ ಕಡೆ ಹೋಗಿ ಈ ಕಡೆ ಬಂದು, ಹುಲ್ಲಿಗೆ ಕಾಲು ಒರೆಸಿಕೊಂಡು ಮತ್ತೆ ಜೀಪು ಹತ್ತುತ್ತಾರೆ. ಪಕ್ಕದಲ್ಲಿ ಕುಳಿತ ಕಾಂಪೌಂಡರ್ ಮುನಿವೆಂಕಟಯ್ಯನವರಿಗೆ ದಿನವೂ ನೋಡುವ ಸಂಗತಿ ಅದು.

ಡ್ರೈವರ ಹೆಸರು ದಸ್ತಗೀರ್. ವಯಸ್ಸು ನಲವತ್ತಾರು ಇರಬಹುದು ಎನ್ನುತ್ತಾರೆ, ನಲವತ್ತೆಂಟೂ ಇರಬಹುದಂತೆ. ಯಲಹಂಕದ ಕಡೆಯ ಒಂದು ದನದಾಸ್ಪತ್ರೆಯ ಜೀಪು ಓಡಿಸುತ್ತಾರೆ. ಯಾವ ಆಸ್ಪತ್ರೆ ಎಂದು ಬರೆಯಬೇಡಿ ಎಂದು ಅಲ್ಲಿನವರೇ ಕೈಮುಗಿದಿದ್ದಾರೆ. ಯಾಕೆ ಕೈಮುಗಿದರು ಎಂಬುದು ಮುಂದೆ ಓದಿದರೆ ತಾನೇ ಗೊತ್ತಾಗುತ್ತದೆ.

ಕೆಸರು ತುಳಿದದ್ದೇಕೆ? "ಕಾಲೇ ನನ್ ಮೀಟ್ರು ಸಾಮಿ. ಹಿಮ್ಮಡಿ ಮುಳುಗಿದ್ರೆ ಹಿಂದಿನ ಎರಡು ಚಕ್ರನೇ ಸಾಕು. ಹರಡು ಮುಳುಗಿದ್ರೆ ಫೋರ್‌ವೀಲ್ ಹಾಕ್ಬೇಕು. ಮೀನಖಂಡಕ್ಕೆ ಬಂತೋ, ಲೋ ಗೇರು. ಮೊಣಕಾಲಿಗೆ ಬಂದ್ರೆ ಸುತ್ತು ದಾರಿ, ಬೇರೆ ಮಾತೇ ಇಲ್ಲ."

ಈ ಜೀಪಿನಲ್ಲಿ ಮಾಮೂಲಿ ಗೇರಿನ ಪಕ್ಕ ಇನ್ನೆರಡು ಸಣ್ಣ ಕಡ್ಡಿಗಳಿವೆ. ಒಂದನ್ನು ಎಳೆದರೆ ಇಂಜಿನ್ನಿನ ಬಲ ಮುಂದಿನ ಚಕ್ರಗಳಿಗೂ ಹೋಗುತ್ತದೆ, ಅದೇ ಫೋರ್‌ವೀಲ್. ಇನ್ನೊಂದು ಲೋ ಗೇರಿನದು: ಎಳೆತ ಹೆಚ್ಚು, ಓಟ ಆಮೆಯದು, ಪೆಟ್ರೋಲು ಮಾತ್ರ ಗಟಗಟ. ಇವತ್ತು ಕೆಸರು ಹರಡಿನ ತನಕ ಬಂದಿದೆ. ದಸ್ತಗೀರ್ ಮೊದಲನೇ ಕಡ್ಡಿ ಎಳೆದು ಸಲೀಸಾಗಿ ದಾಟುತ್ತಾರೆ. ದಾಟಿದ ಮೇಲೆ ಗಟ್ಟಿ ನೆಲದಲ್ಲಿ ಒಂದು ಗಜ ಹಿಂದಕ್ಕೆ ಬಂದು, ಬಿಗಿದುಕೊಂಡಿದ್ದ ಕಡ್ಡಿಯನ್ನು ಸಡಿಲಿಸಿ ಮೊದಲಿನ ಜಾಗಕ್ಕೆ ತಳ್ಳುತ್ತಾರೆ. ಆಮೇಲೇ ಮುಂದಿನ ಪ್ರಯಾಣ.

ಜೀಪಿನ ಹಿಂದೆ ಮರದ ಹೊಟ್ಟಿನಲ್ಲಿ ಹುದುಗಿಸಿದ ಮಂಜುಗಡ್ಡೆ, ಅದರ ನಡುವೆ ಎರಡು ಥರ್ಮಾಸ್ ಫ್ಲಾಸ್ಕು. ಅವುಗಳಲ್ಲಿರುವುದು ದನಗಳ ದೊಡ್ಡರೋಗಕ್ಕೆ ಹಾಕುವ ಚುಚ್ಚುಮದ್ದು. ಬಿಸಿಲೇರಿ ಮಂಜುಗಡ್ಡೆ ನೀರಾದರೆ ಮದ್ದೂ ನೀರೇ. ಹಾಗಾಗಿ ನಾಲ್ಕಕ್ಕೇ ಎದ್ದು, ಯಶವಂತಪುರದಿಂದ ಮಂಜುಗಡ್ಡೆ ತಂದು, ಹನ್ನೊಂದರೊಳಗೆ ಶೆಟ್ಟಿಹಳ್ಳಿ, ಸೋಲದೇವನಹಳ್ಳಿ, ಆಚೆಯ ನಾಲ್ಕು ಹಳ್ಳಿ ಮುಗಿಸಬೇಕು. ದಿನಕ್ಕೆ ಮೂವತ್ತೆಂಟು ಮೈಲಿ, ನೂರಿಪ್ಪತ್ತರಿಂದ ನೂರೈವತ್ತು ದನ. ಆ ಮೂವತ್ತೆಂಟು ಮೈಲಿಯಲ್ಲಿ ಫೋರ್‌ವೀಲ್ ಬೇಕಾಗುವುದು ಎಷ್ಟು ದೂರಕ್ಕೆ? ದಸ್ತಗೀರ್ ಬೆರಳು ಮಡಚಿ ಲೆಕ್ಕ ಹಾಕಿ ಹೇಳುತ್ತಾರೆ: "ಮಳೆಗಾಲದಲ್ಲಿ ಎರಡೂವರೆ ಮೈಲಿ. ಬೇಸಿಗೇಲಿ ನಾಲ್ಕು ಫರ್ಲಾಂಗು, ಅದೂ ತೋಟದ ಕಾಲುವೆ ಒಡೆದಿದ್ರೆ."

ಈ ವಿದ್ಯೆ ಅವರಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಜಾಲಹಳ್ಳಿಯ ಮಿಲಿಟರಿ ಕ್ಯಾಂಪಿನಲ್ಲಿ ಗಾಡಿ ತೊಳೆಯಲು ಸೇರಿದವರನ್ನು ಎರಡು ವರ್ಷದಲ್ಲಿ ಡ್ರೈವರು ಮಾಡಿ ಬರ್ಮಾ ಗಡಿಗೆ ಕಳಿಸಿದರು. ಅಲ್ಲಿನ ಕೆಸರೇ ಪಾಠಶಾಲೆ. ಪೆಟ್ರೋಲು ಮುಗಿದರೆ ಕಾಡಿನಲ್ಲಿ ಕೊಡುವವರು ಯಾರಪ್ಪ? "ಹವಾಲ್ದಾರ್ ಒಬ್ರಿದ್ರು. ಸುಮ್‌ಸುಮ್ನೆ ಫೋರ್‌ವೀಲಲ್ಲಿ ಓಡ್ಸಿದ್ರೆ ಬೆನ್ನ ಮೇಲೊಂದು ಬಿಡೋರು. ಆ ಏಟು ಇವತ್ಗೂ ನೆನಪೈತೆ," ಎಂದು ಬೆನ್ನು ಸವರಿಕೊಂಡು ನಗುತ್ತಾರೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪೊಂದು ದನದಾಸ್ಪತ್ರೆಗೆ ಬಂತು, ಅದನ್ನು ಪಳಗಿಸಬಲ್ಲವರು ಬೇಕೆಂದು ದಸ್ತಗೀರರೂ ಬಂದರು. ಹನ್ನೆರಡು ವರ್ಷವಾಯಿತು. ಗ್ಯಾಲನ್ನಿಗೆ ಹದಿನಾರು ಮೈಲಿ ಕೊಡುತ್ತಿದ್ದ ಗಾಡಿ, ಒಂದು ದಿನವೂ ತಕರಾರಿಲ್ಲ.

ತಕರಾರು ಶುರುವಾದದ್ದು ಹೋದ ವರ್ಷ, ಐವತ್ತೆಂಟರ ಮಳೆಗಾಲದಲ್ಲಿ. ದಸ್ತಗೀರ್ ಜ್ವರ ಬಂದು ಮಲಗಿದ್ದ ದಿನ ಬದಲಿ ಡ್ರೈವರೊಬ್ಬರು ಜೀಪು ತೆಗೆದುಕೊಂಡು ಹೋಗಿ, ಏರಿಯ ಮೇಲಿಂದ ಜಾರಿಸಿ ಗದ್ದೆಗೆ ಇಳಿಸಿಬಿಟ್ಟರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ, ಒಂದು ಫ್ಲಾಸ್ಕು ಒಡೆಯಿತು. "ಫೋರ್‌ವೀಲ್ ಗಾಡಿ ಇಟ್ಕೊಂಡು ಎರಡೇ ಚಕ್ರದಲ್ಲಿ ಯಾಕ್ರೀ ಓಡಿಸಿದ್ರಿ?" ಎಂದು ಮೇಲಿನವರು ಕೇಳಿದರು. ಕೇಳಿದ್ದು ಒಂದು ಮಾತು. ಆದರೆ ಕಚೇರಿಯ ಹೆಡ್‌ಗುಮಾಸ್ತ ವೆಂಕಟರಾಮಯ್ಯನವರು ಒಂದು ಮಾತು ಕೇಳಿದರೆ ಒಂದು ಆರ್ಡರು ಹೊರಡಿಸುವ ಪೈಕಿ. ಇನ್ನು ಮುಂದೆ ಜೀಪು ಸದಾಕಾಲ ಫೋರ್‌ವೀಲಿನಲ್ಲೇ ಓಡತಕ್ಕದ್ದು ಎಂದು ಬರೆದರು. ಬರೆದು ಸುಮ್ಮನಾಗಲಿಲ್ಲ ಪುಣ್ಯಾತ್ಮರು. ಕಡ್ಡಿಯನ್ನು ಎಳೆದಿಟ್ಟು, ತಂತಿ ಸುತ್ತಿ, ಗಂಟಿನ ಮೇಲೆ ಕೆಂಪು ಅರಗು ಕಾಯಿಸಿ ಸುರಿದು ಕಚೇರಿಯ ಮುದ್ರೆ ಒತ್ತಿದರು!

ಗೇರಿಗೆ ಅರಗಿನ ಮುದ್ರೆ ಹಾಕಿದ್ದನ್ನು ಈ ನಾಡಿನಲ್ಲಿ ಬೇರೆ ಯಾರಾದರೂ ಕಂಡಿದ್ದರೆ ತಿಳಿಸಬೇಕು. ವಾರದೊಳಗೆ ಇಂಜಿನ್ ಕಾವಿಗೆ ಅರಗು ಮೆತ್ತಗಾಗಿ ಮುದ್ರೆ ಅಳಿಸಿಹೋಯಿತು. "ಮುದ್ರೆ ಮುಟ್ಟಿದ್ದು ಯಾರು?" ಎಂದು ಮೊದಲನೇ ಅನುಮಾನ ದಸ್ತಗೀರರ ಮೇಲೆ ಬಿತ್ತು. ಅರಗು ಹೋಗಿ ತಂತಿಯ ಗಂಟಿಗೆ ಸೀಸದ ಗುಂಡಿನ ಮುದ್ರೆ ಬಂತು.

ಆಮೇಲಿನ ಕಥೆ ಊಹಿಸುವಂಥದ್ದೇ. ಒಣ ರಸ್ತೆಯಲ್ಲೂ ನಾಲ್ಕು ಚಕ್ರ ಬಿಗಿದುಕೊಂಡೇ ಓಡಬೇಕು. ಅದರ ಮೇಲೆ ಹಿಂದಿನ ಎರಡು ಟೈರು ಹೊಸವು, ಮುಂದಿನವು ಸವೆದವು. ಸವೆದ ಟೈರು ಗಾತ್ರದಲ್ಲಿ ಚಿಕ್ಕದು, ಅದೇ ದೂರಕ್ಕೆ ಹೆಚ್ಚು ಸುತ್ತಬೇಕು. ಹೊಸದು ಕಡಿಮೆ ಸುತ್ತಿದರೆ ಸಾಕು. ಫೋರ್‌ವೀಲಿನಲ್ಲಿ ಎರಡೂ ಒಂದೇ ಸಮ ಸುತ್ತಲೇಬೇಕು. "ಕೆಸರಲ್ಲಾದ್ರೆ ಒಂದಿಷ್ಟು ಜಾರಿ ಸರಿ ಮಾಡ್ಕೊಳ್ತವೆ. ಟಾರ್ ರೋಡಲ್ಲಿ ಎಲ್ಲಿ ಜಾರ್ತವೆ? ಮುಂದಿನವು, ಹಿಂದಿನವು ಒಂದನ್ನೊಂದು ಜಗ್ಗಾಡ್ತವೆ. ಸ್ಟೇರಿಂಗು ಒಳಕಲ್ಲು ತಿರುಗ್ಸಿದಂಗೆ ಭಾರ. ಆ ಜಗ್ಗಾಟಕ್ಕೆಲ್ಲ ಪೆಟ್ರೋಲೇ ಸುಡ್ಬೇಕು," ಎಂದು ದಸ್ತಗೀರ್ ಬಿಡಿಸಿ ಹೇಳುತ್ತಾರೆ. ಹದಿನಾರು ಮೈಲಿ ಹನ್ನೊಂದಕ್ಕೆ ಇಳಿಯಿತು, ಓಟವೂ ನಿಧಾನವಾಯಿತು.

ಐದು ಮೈಲಿಯ ಪೆಟ್ರೋಲು ಎಲ್ಲಿ ಹೋಯಿತು? ಸರ್ಕಾರಿ ಜೀಪಿನ ಪೆಟ್ರೋಲು ಕಡಿಮೆಯಾದರೆ ಜನ ಮೊದಲು ನೋಡುವುದು ಡ್ರೈವರ ಮುಖ. ವೆಂಕಟರಾಮಯ್ಯನವರೂ ನೋಡಿದರು. ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಒಂದು ಮೆಮೋ ದಸ್ತಗೀರರ ಕೈಗೆ ಬಂತು. ಮುನಿವೆಂಕಟಯ್ಯ ಅದನ್ನು ಓದಿ ಅರ್ಥ ಹೇಳಿದರು. ಪೆಟ್ರೋಲು ಕದ್ದು ಮಾರುತ್ತಿರುವ ಸಂಶಯವಿದೆ, ತಿಂಗಳೊಳಗೆ ಮೈಲಿ ಮೊದಲಿನಂತಾಗದಿದ್ದರೆ ಕೆಲಸದಿಂದ ತೆಗೆಯಲಾಗುವುದು, ಇಷ್ಟು ಅದರ ಸಾರಾಂಶ.

ದಸ್ತಗೀರ್ ಹೋಗಿ ಬಾಗಿಲ ಬಳಿ ನಿಂತು, ಆ ಮುದ್ರೆ ತೆಗೀರಿ ಸಾಮಿ, ಎಲ್ಲ ಸರಿಹೋಗುತ್ತೆ ಎಂದರು. "ಚೆನ್ನಾಗಿದೆಯಪ್ಪ! ಬೀಗ ತೆಗೆದುಬಿಡಿ ಅಂತ ಕೇಳೋಕೆ ಬಂದಿದೀಯಾ?" ಎಂದರು ಹೆಡ್‌ಗುಮಾಸ್ತರು. ಅವರ ತರ್ಕವೂ ಅವರಿಗೆ ಸರಿಯಾಗಿಯೇ ಇತ್ತೆನ್ನಿ. ಎರಡೆತ್ತು ಎಳೆಯುವ ಭಾರವನ್ನು ನಾಲ್ಕೆತ್ತು ಎಳೆದರೆ ಒಂದೊಂದಕ್ಕೂ ಶ್ರಮ ಕಡಿಮೆ. ಹಾಗೆಯೇ ನಾಲ್ಕು ಚಕ್ರ ಎಳೆದರೆ ಪೆಟ್ರೋಲು ಉಳಿಯಬೇಕು ತಾನೇ?

"ನಾಲ್ಕೆತ್ತು ಕಟ್ಟಿದ್ರೆ ನಾಲ್ಕಕ್ಕೂ ಹುಲ್ಲು ಹಾಕ್ಬೇಕಲ್ಲ ಸಾಮಿ," ಎಂದು ದಸ್ತಗೀರ್ ಹೇಳಿದರಂತೆ. ಆ ಮಾತು ಉದ್ಧಟತನವೆಂದು ಎಣಿಕೆಯಾಯಿತು.

ಆ ತಿಂಗಳು ಮನೆಯಲ್ಲಿ ಹೇಗಿತ್ತೆಂಬುದನ್ನು ಹೆಂಡತಿ ಸಬೀರಾ ಹೇಳುತ್ತಾರೆ. ದಸ್ತಗೀರ್ ಊಟ ಅರ್ಧ ಮಾಡಿದರು. "ಖಾಕಿ ಬಟ್ಟೆನ ಮೂರ್ ಮೂರ್ ಸಲ ಒಗ್ಸೋರು ಕಣ್ರೀ. ಪೆಟ್ರೋಲ್ ವಾಸ್ನೆ ಬರ್ತೈತಾ ನೋಡು, ನೋಡು ಅನ್ನೋರು. ಡ್ರೈವರ್ ಬಟ್ಟೆ ಮತ್ತೆ ಅತ್ತರ್ ವಾಸ್ನೆ ಬರುತ್ತಾ?" ಶುಕ್ರವಾರದ ನಮಾಜಿಗೆ ಹೋದರೂ ಯಾರ ಪಕ್ಕದಲ್ಲೂ ನಿಲ್ಲದೆ ಹಿಂದಿನ ಸಾಲಿನ ಮೂಲೆ ಹಿಡಿಯುತ್ತಿದ್ದರಂತೆ. ಕದಿಯದವನು ಕಳ್ಳನ ಹಾಗೆ ಬದುಕುವುದೆಂದರೆ ಎಂಥ ಸಂಕಟ!

ದಾರಿ ತೋರಿಸಿದ್ದು ಮುನಿವೆಂಕಟಯ್ಯ. "ಬಾಯಲ್ಲಿ ಹೇಳಿದ್ರೆ ಅವ್ರು ನಂಬಲ್ಲ ಸಾಬ್ರೇ. ಅವ್ರನ್ನೇ ಜೀಪಲ್ಲಿ ಕೂರ್ಸಿ ತೋರ್ಸಿ," ಎಂದರು. ತಾವೇ ಹೋಗಿ ವೆಂಕಟರಾಮಯ್ಯನವರನ್ನು ಒಪ್ಪಿಸಿಯೂ ಬಂದರು. ಒಂದು ಭಾನುವಾರ ಬೆಳಿಗ್ಗೆ ಟ್ಯಾಂಕು ಬರಿದು ಮಾಡಿ, ಹೆಡ್‌ಗುಮಾಸ್ತರು ಸ್ವಂತ ಕೈಯಿಂದ ಒಂದು ಗ್ಯಾಲನ್ ಅಳೆದು ಹಾಕಿದರು. ವಾಪಸು ಬರಲು ಬೇಕಾದ ಪೆಟ್ರೋಲಿನ ಡಬ್ಬಗಳನ್ನು ತಮ್ಮ ಕಾಲ ಸಂದಿಯಲ್ಲೇ ಇಟ್ಟುಕೊಂಡು, ಪಂಚೆ ಎತ್ತಿ ಕಟ್ಟಿ ಕುಳಿತರು. ಮುನಿವೆಂಕಟಯ್ಯ ಹಿಂದೆ ಹತ್ತಿದರು. ಸೀಸದ ಮುದ್ರೆ ಹಾಗೆಯೇ ಇದೆ. ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ. ಹನ್ನೊಂದನೇ ಮೈಲಿ ದಾಟಿ ಎರಡು ಫರ್ಲಾಂಗಿಗೆ ಜೀಪು ಕೆಮ್ಮಿ ನಿಂತಿತು. ಸುತ್ತ ರಾಗಿ ಹೊಲ ಬಿಟ್ಟರೆ ಏನೂ ಇಲ್ಲ.

ಯಲಹಂಕಕ್ಕೆ ಹಿಂತಿರುಗಿ, ಟ್ಯಾಂಕು ಮತ್ತೆ ಬರಿದು ಮಾಡಿ, ಮತ್ತೊಂದು ಗ್ಯಾಲನ್. ಈ ಸಲ ಹೆಡ್‌ಗುಮಾಸ್ತರೇ ಕತ್ತರಿಯಿಂದ ತಂತಿ ತುಂಡರಿಸಿದರು. ಅದೇ ರಸ್ತೆ, ಅದೇ ವೇಗ, ಅದೇ ಮೂವರು. ಜೀಪು ನಿಂತಿದ್ದ ರಾಗಿ ಹೊಲ ಹಿಂದೆ ಹೋಯಿತು. ಹನ್ನೆರಡು, ಹದಿಮೂರು. ವೆಂಕಟರಾಮಯ್ಯನವರು ಮೈಲಿಗಲ್ಲು ಬಂದಾಗಲೆಲ್ಲ ಕತ್ತು ಹೊರಗೆ ಹಾಕುತ್ತಿದ್ದರಂತೆ. ದಸ್ತಗೀರ್ ಮಾತ್ರ ರಸ್ತೆ ಬಿಟ್ಟು ಎಲ್ಲೂ ನೋಡಲಿಲ್ಲ. "ಹೆದರಿದ್ದೆ ಸಾಮಿ. ಬರ್ಮಾದಲ್ಲಿ ಮೇಲಿಂದ ಬಾಂಬ್ ಬೀಳ್ವಾಗ್ಲೂ ಇಂಗೆ ಹೆದರಿಲ್ಲ." ಜೀಪು ನಿಂತದ್ದು ಹದಿನೈದೂವರೆ ಮೈಲಿಗೆ, ದೊಡ್ಡಬಳ್ಳಾಪುರದ ಪೇಟೆಯೊಳಗೆ, ಒಂದು ಕಾಫಿ ಹೋಟೆಲಿನ ಎದುರಿಗೇ.

ಅಲ್ಲಿಗೆ ಗೆದ್ದೆ ಎಂದು ಬೀಗಬಹುದಿತ್ತು. ದಸ್ತಗೀರ್ ಬೀಗಲಿಲ್ಲ, ಬದಲಿಗೆ ವಾಪಸು ಬರುವಾಗ ದಾರಿ ಪಕ್ಕದ ಒಂದು ಕುಂಟೆಯ ಕೆಸರಿಗೆ ಬೇಕೆಂದೇ ಜೀಪು ಇಳಿಸಿದರು. ಎರಡೇ ಚಕ್ರದಲ್ಲಿ ಹಿಂದಿನ ಟೈರು ಗರಗರ ಸುತ್ತಿ, ಕೆಸರು ಹೆಡ್‌ಗುಮಾಸ್ತರ ಪಂಚೆಗೆಲ್ಲ ಹಾರಿತು, ಗಾಡಿ ಒಂದಿಂಚು ಕದಲಲಿಲ್ಲ. ಫೋರ್‌ವೀಲ್ ಹಾಕಿದ್ದೇ ತಡ, ಮೇಲೆ ಬಂತು. "ನೋಡಿ ಸಾಮಿ, ಇಲ್ಲಿ ಫೋರ್‌ವೀಲ್ ಹಾಕ್ದೇ ಇದ್ರೆ ನಿಂತಲ್ಲೇ ಪೆಟ್ರೋಲ್ ಸುಡುತ್ತೆ. ರೋಡಲ್ಲಿ ಹಾಕಿದ್ರೆ ಓಡ್ತಾ ಸುಡುತ್ತೆ. ಎಲ್ಲಿ ಹಾಕ್ಬೇಕು, ಎಲ್ಲಿ ತೆಗೀಬೇಕು ಅನ್ನೋದೇ ನನ್ ಕೆಲ್ಸ. ಆ ಕೆಲ್ಸಕ್ಕೇ ನೀವು ಮುದ್ರೆ ಹಾಕ್ಬಿಟ್ರಿ," ಎಂದರಂತೆ. ವೆಂಕಟರಾಮಯ್ಯನವರು ಮನೆ ತನಕ ಪಂಚೆಯ ಕೆಸರು ಕೆರೆಯುತ್ತಾ ಕುಳಿತರು.

ಮಾರನೇ ದಿನದಿಂದ ಕಡ್ಡಿಗೆ ತಂತಿಯಿಲ್ಲ. ಜೀಪು ಮತ್ತೆ ಹದಿನಾರರ ಆಸುಪಾಸಿನಲ್ಲಿದೆ. ಶೆಟ್ಟಿಹಳ್ಳಿಯ ರೈತ ಬ್ಯಾಟರಾಯಪ್ಪನವರಿಗೆ ಈ ರಗಳೆಯೆಲ್ಲ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: "ಓದ್ ಮಳೆಗಾಲ ಸಾಬ್ರು ಬರೋದು ತಡ ಆಗ್ತಿತ್ತು, ಐಸೆಲ್ಲ ನೀರು. ಈಗ ಒತ್ತಿಗ್ ಮುಂಚೆ ಬರ್ತಾರೆ. ನಮ್ಮಟ್ಟೀಲಿ ಒಂದ್ ಕರನೂ ಸತ್ತಿಲ್ಲ."

ಹಾಗಾದರೆ ಎಲ್ಲ ಸುಖಾಂತ್ಯವೇ? ಅಲ್ಲ. ಆ ಮೆಮೋ ದಸ್ತಗೀರರ ಸರ್ವಿಸ್ ಫೈಲಿನಲ್ಲಿ ಇವತ್ತಿಗೂ ಇದೆ. ನಂಬರು ಬಿದ್ದ ಕಾಗದವನ್ನು ಹರಿಯಲಾಗದು ಎಂಬುದು ಕಚೇರಿಯ ನಿಯಮ. ಕೇಳಲು ಹೋದರೆ ವೆಂಕಟರಾಮಯ್ಯನವರು ಕನ್ನಡಕ ತೆಗೆದು ಒರೆಸುತ್ತಾರೆ. "ತಪ್ಪಾಯ್ತು ರೀ, ಇಲ್ಲ ಅನ್ನಲ್ಲ. ಆದ್ರೆ ಕದ್ದಿಲ್ಲ ಅಂತ ಬರೆಯೋಕೆ ಯಾವ ಫಾರಂ ಇದೆ ಹೇಳಿ?" ಎನ್ನುತ್ತಾರೆ. ಫಾರಂ ಇಲ್ಲದ ಮಾತು ಅವರ ಪೆನ್ನಿನಿಂದ ಇಳಿಯುವುದಿಲ್ಲ.

ದಸ್ತಗೀರರಿಗೆ ಬೇಕಾಗಿರುವುದೂ ಅದೊಂದೇ. ಸಂಬಳ ಹೆಚ್ಚು ಮಾಡಿ ಎನ್ನುವುದಿಲ್ಲ, ಹೊಸ ಜೀಪು ಕೊಡಿ ಎನ್ನುವುದಿಲ್ಲ. ಮೂರು ಸಲ ಹೋಗಿ ಕೇಳಿದ್ದಾರೆ, ನಾಲ್ಕನೇ ಸಲವೂ ಹೋಗುತ್ತಾರಂತೆ. ಅಂಥ ಕಾಗದ ಸಿಕ್ಕರೆ ಯಾರಿಗೆ ತೋರಿಸುತ್ತೀರಿ ಎಂದು ಕೇಳಿದರೆ ಅವರಿಗೆ ಆಶ್ಚರ್ಯ.

"ಯಾರ್ಗ್ ತೋರ್ಸೋದು ಸಾಮಿ? ನಂಗೂ ಓದಕ್ಕೆ ಬರಲ್ಲ, ಸಬೀರಾಗೂ ಬರಲ್ಲ. ಮನೇಗೆ ತರದೇ ಬೇಡ. 'ದಸ್ತಗೀರ್ ಕದ್ದಿಲ್ಲ' ಅಂತ ಒಂದು ಗೆರೆ ಬರ್ದು, ಆ ಕಾಗದದ ಪಕ್ಕದಲ್ಲೇ ಇಟ್ಬಿಡ್ಲಿ. ನಾನು ಸತ್ ಮೇಲೆ ಯಾರಾದ್ರೂ ಫೈಲ್ ತೆಗುದ್ರೆ, ಎರಡೂ ಓದ್ಲಿ."